ಗಾಡಿ ಕೆಳಗಿನ ಎರಡು ಬಡಿತ

೧೯೬೩ನೇ ಇಸವಿ ಫೆಬ್ರುವರಿ ೧೨ರ ಬೆಳಿಗ್ಗೆ ಎಂಟೂ ಹತ್ತಕ್ಕೆ ನಬಿಸಾಬ ಮುದ್ದೇಬಿಹಾಳ ಠಾಣೆಯ ಮೆಟ್ಟಿಲು ಹತ್ತಿದ. ಮೊಣಕೈವರೆಗೂ ಗ್ರೀಸು ಮೆತ್ತಿತ್ತು. ಫೌಜದಾರ ರಾವಸಾಬರು ಕುರ್ಚಿ ತೋರಿಸಿದರೆ, ಹೊಲಸಾದೀತೆಂದು ಮುದುಕ ನಿಂತೇ ಹೇಳಿದ.

"ನನ್ನ ಜಾಕ್ ಕಳುವಾಗೇತ್ರಿ, ಸಾಹೇಬ್ರ."

"ಯಾವ ಜಾಕ್?"

"ಗಾಡಿ ಎತ್ತೋ ಜಾಕ್ ರೀ. ಗಾಡಿ ಅಂದ್ರ ನನ್ನ ಮನಿ."

ಆ ಮನೆ ಊರಿಗೆಲ್ಲ ಗೊತ್ತಿತ್ತು. ಸರಕಾರಿ ಡ್ರೈವರ್ ಕೆಲಸ ಮುಗಿದ ಮೇಲೆ ನಬಿಸಾಬ ಹರಾಜಿನಲ್ಲಿ ಹಳೆಯ ದವಾಖಾನೆ ವ್ಯಾನೊಂದನ್ನು ಹಿಡಿದಿದ್ದ. ಒಳಗೆ ಹಲಗೆಯ ಮಂಚ, ಒಲೆ, ನೀರಿನ ಕೊಡ, ಹತ್ತಿಯ ಗಂಟುಗಳು. ಹೆಂಡತಿ ರಾಜಬಿ ಗಾದಿ ಹೊಲಿಯುವವಳು. ಇಂಡಿ, ಸಿಂದಗಿ, ಬಾಗೇವಾಡಿ ಎಂದು ಆತ ಸಂತೆಯಿಂದ ಸಂತೆಗೆ ಮನೆಯನ್ನೇ ಓಡಿಸುತ್ತಿದ್ದ, ಆಕೆ ಹಿಂದೆ ಕೂತು ಹೊಲಿಯುತ್ತಿದ್ದಳು. ಗಾಡಿಯ ಕೆಳಭಾಗಕ್ಕೆ ಮಾತ್ರ ಆತ ಬೇರೆ ಯಾರ ಕೈಯನ್ನೂ ತಾಗಿಸುತ್ತಿರಲಿಲ್ಲ. ತಾನೇ ತೂರಿ ತುಕ್ಕು ಕೆರೆದು, ಗ್ರೀಸು ತುಂಬಿ, ಸುಟ್ಟ ಎಣ್ಣೆ ಬಳಿದು ಬರುತ್ತಿದ್ದ.

"ಮುಂದಿನ ಸ್ಪ್ರಿಂಗಿನ ಪಾಟಾ ಮುರದೈತ್ರಿ. ಹೊಸಾದು ಹಾಕಬೇಕು. ನಾಡಿದ್ದ ಇಂಡಿಗೆ ಹೋಗೋದೈತಿ."

"ಯಾರ ಮ್ಯಾಲರ ಸಂಶೇ?"

"ಗ್ಯಾರೇಜಿನ ಇಸಾಕನ ಮ್ಯಾಲ್ರಿ. ಗಾಡಿ ನನ್ನ ಕಡೆ ತರ್ರಿ, ತರ್ರಿ ಅಂತ ವರ್ಷದಿಂದ ಜೀವಾ ತಿನ್ನಾಕತ್ತಾನ."

ಎಂಟೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಒಂಬತ್ತೂ ಕಾಲಿಗೆ ರಾವಸಾಬರು ಪೇದೆ ಯಂಕಪ್ಪನೊಂದಿಗೆ ಸಂತೆ ಬಯಲಿನ ಬೇವಿನ ಮರದ ಬುಡಕ್ಕೆ ಬಂದರು. ಇಬ್ಬರು ಚಕ್ಕಡಿಯವರನ್ನು ಪಂಚರಾಗಿ ಕೂಡಿಸಿಕೊಂಡು ಪಂಚನಾಮೆ ಬರೆದರು. ಹಿಂದಿನ ಗಾಲಿಗಳಿಗೆ ಕಲ್ಲು ಆನಿಸಿತ್ತು. ಗೋಣಿತಟ್ಟಿನ ಮೇಲೆ ನಟ್ ತಿರುವುವ ಪಾನಾಗಳು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಮಲಗಿದ್ದವು. ಹೊಸ ಪಾನಾ ಬಿಟ್ಟು ಹಳೆಯ ಜಾಕ್ ಒಯ್ಯುವ ಕಳ್ಳನನ್ನು ರಾವಸಾಬರು ಹನ್ನೊಂದು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಒಳಗೆ ರಾಜಬಿ ಎದ್ದು ಸೆರಗು ಸರಿಮಾಡಿಕೊಂಡಳು.

"ಯವ್ವಾ, ಈ ಗಾದಿ ಯಾರವು?" ಯಂಕಪ್ಪ ಕೇಳಿದ.

"ಮಂದೀವಪ್ಪ. ಒತ್ತಿ ನೋಡು. ಕೈ ತೊಳಕೊಂಡು ಮುಟ್ಟು ಮತ್ತ."

ಯಂಕಪ್ಪ ಕೈ ತೊಳೆದು ಆರು ಗಾದಿ ಒತ್ತಿದ. ಏನೂ ಇರಲಿಲ್ಲ. ಮೂಲೆಯಲ್ಲಿ ಮಡಿಚಿಟ್ಟ ಏಳನೆಯದರ ಕಡೆ ತಿರುಗುವಷ್ಟರಲ್ಲಿ ರಾಜಬಿ ಹೋಗಿ ಅದರ ಮೇಲೆ ಕೂತಳು.

"ಇದು ನಮ್ದು. ಹಳೇದು."

ಫೌಜದಾರ ಎದುರಿಗೆ ನಿಂತಿದ್ದರೂ ಈ ಸಲ ಆಕೆ ಏಳಲಿಲ್ಲ. ಹಳೆಯ ಗಾದಿಯ ಅಂಚಿಗೆ ಹೊಸ ಬಿಳಿ ದಾರದ ಹೊಲಿಗೆ ಬಿದ್ದಿತ್ತು. ರಾವಸಾಬರು ಆಕೆಯನ್ನೂ ಹೊಲಿಗೆಯನ್ನೂ ನೋಡಿದರು. ತಾಯಿಯ ವಯಸ್ಸಿನ ಹೆಣ್ಣುಮಗಳನ್ನು ಹಾಸಿಗೆಯಿಂದ ಎಬ್ಬಿಸುವ ಮೊದಲು ಕಾರಣ ತಿಳಿಯಬೇಕೆನಿಸಿ, ಸುಮ್ಮನೆ ಕೆಳಗಿಳಿದರು.

ಹತ್ತೂ ಐದಕ್ಕೆ ಗ್ಯಾರೇಜಿನಲ್ಲಿ ಇಸಾಕ ಹೊಟ್ಟೆ ಹಿಡಿದು ನಕ್ಕ.

"ಆ ಜಾಕ್ ಕದ್ದಾಂವ ಸಿಕ್ರ ನನಗ ತೋರಸ್ರಿ. ಚಾ ಕುಡಸ್ತೇನಿ."

"ಯಾಕ?"

"ತಿರುಪಿನ ಹಲ್ಲು ಸವದು ಹೋಗ್ಯಾವ್ರಿ. ಹ್ವಾದ ತಿಂಗಳ ಜಾರಿ ಗಾಡಿ ಒಂದು ಗೇಣು ಕುಸೀತು. ನಬಿಚಾಚಾ ಮಗ್ಗಲಿಗೆ ಹೊರಳಿ ಉಳದ. ಮರುದಿನ ರಾಜಬಿ ಚಾಚಿ ಬಂದು, ಮತ್ತ ಜಾರತೈತೇನೋ ಇಸಾಕ ಅಂದ್ಳು. ಜಾರತೈತಿ ಅಂದೆ."

"ಆಮ್ಯಾಲೆ?"

"ಹೊಳ್ಳಿ ಗಾಡಿ ಕಡೆ ಹ್ವಾದ್ಳ್ರಿ."

ರಾವಸಾಬರಿಗೆ ಕಳ್ಳತನದ ಗಂಟು ಬಿಚ್ಚಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ನಾಡಿದ್ದು ಇಂಡಿಗೆ ಹೋಗಲೇಬೇಕೆಂಬ ಮನುಷ್ಯ ಜಾಕ್ ಇಲ್ಲವೆಂದು ಕೈಕಟ್ಟಿ ಕೂಡುವವನೇ?

"ಯಂಕಪ್ಪ, ಸೈಕಲ್ ತಗಿ!"

ಹತ್ತೂ ನಲವತ್ತು. ನಬಿಸಾಬ ಆಗಲೇ ಚಕ್ಕಡಿಯವರಿಂದ ಜಂತಿ ಹಾಕಿ ಮೀಟಿಸಿ, ಗಾಡಿಯ ಮೂತಿಯನ್ನು ಒಂದರ ಮೇಲೊಂದಿಟ್ಟ ಹಾಸುಗಲ್ಲುಗಳ ಮೇಲೆ ಕೂಡಿಸಿದ್ದ. ಟೊಂಕದವರೆಗೆ ಒಳಗಿದ್ದ. ಮೇಲಿನ ಕಲ್ಲು ಅಲುಗುತ್ತಿತ್ತು.

"ನಬಿಸಾಬ್ರ, ಹೊರಗ ಬರ್ರಿ!"

"ಎರಡ ನಟ್ ಉಳದಾವ್ರಿ, ಸಾಹೇಬ್ರ!"

ನೀರಿಗೆ ಹೋಗಿದ್ದ ರಾಜಬಿ ಆಗಷ್ಟೇ ಮರಳಿದಳು. ಕೊಡ ಅಲ್ಲೇ ಬಿತ್ತು. ಗಾಡಿ ಹತ್ತಿದಳು. ಬಟ್ಟೆ ಪರಕ್ಕನೆ ಹರಿದ ಸದ್ದು ಕೇಳಿತು. ಮರುಕ್ಷಣ ಹತ್ತಿ ಮೆತ್ತಿದ ಜಾಕನ್ನು ಕೂಸಿನಂತೆ ಎದೆಗವಚಿ ಇಳಿದಳು.

"ಇಲ್ಲೈತ್ರಿ ನಿಮ್ಮ ಜಾಕ್! ನಾನ ತಗೊಂಡೇನಿ! ಬರ್ರಿ ಹೊರಗ, ನಿಮ್ಮ ಕಾಲ ಬೀಳ್ತೇನಿ!"

"ನೀನ ತಗೊಂಡಿಯೇನು?" ಗಾಡಿಯ ಅಡಿಯಿಂದ ನಬಿಸಾಬನ ದನಿ ಬಂತು. ಅಷ್ಟರಲ್ಲಿ ಯಂಕಪ್ಪ ಎರಡೂ ಕಾಲು ಹಿಡಿದು ಆತನನ್ನು ಸರ್ರನೆ ಎಳೆದ. ಮುಂಡಾಸು ಒಳಗೇ ಉಳಿಯಿತು. ಕಲ್ಲು ಜಾರಿ ಗಾಡಿ ಆ ಮುಂಡಾಸಿನ ಮೇಲೆ ಕುಸಿಯಿತು.

ಧೂಳು ಇಳಿಯಿತು.

"ಇಸಾಕಗ ಕಳ್ಳ ಅಂದ್ನೆಲ್ಲ," ಎಂದ ನಬಿಸಾಬ, ಬರಿತಲೆ ಸವರಿಕೊಳ್ಳುತ್ತ.

"ಹೋಗಿ ಮಾಫಿ ಕೇಳ್ರಿ," ಎಂದಳು ರಾಜಬಿ.

ರಾವಸಾಬರು ಕೇಳಿದರು: "ಮಂದಿ ಹತ್ತಿ ಗಂಟಿನ್ಯಾಗ ಇಟ್ಟಿದ್ರ ನಿಮ್ಮ ಮ್ಯಾಲೆ ಸಂಶೇನ ಬರ್ತಿರಲಿಲ್ಲ. ಯಾಕ ಇಡಲಿಲ್ಲ?"

ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮಂದಿ ಹತ್ತಿಗೆ ಗ್ರೀಸ್ ಹತ್ತೂದಿಲ್ಲೇನ್ರಿ?"

ಹನ್ನೊಂದೂ ಐದಕ್ಕೆ ಬಂಧನ ಬರೆಯಲಾಯಿತು. ದೂರು ದಾಖಲಾಗಿತ್ತು, ಬೇರೆ ದಾರಿ ಇರಲಿಲ್ಲ. ರಾಜಬಿ ಒಲೆ ಆರಿಸಿ, ತಾನೇ ಠಾಣೆಯ ಕಡೆ ಮುಂದಾಗಿ ನಡೆದಳು. ಜವಾಬಿನಲ್ಲಿ ಆಕೆ ಹೇಳಿದ್ದು ಇಷ್ಟು:

"ಸರಕಾರಿ ಗಾಡಿ ಕಾಲದಿಂದ ಮೂವತ್ತು ವರ್ಷ ಅವರ ಎರಡು ಪಾದ ನೋಡ್ಕೋತ ಗಾಡಿ ಮಗ್ಗಲಿಗೆ ಕೂತೇನ್ರಿ. ಅದೀರೇನ್ರಿ ಅಂತ ಕೇಳ್ತೇನಿ. ಅವರು ಪಾನಾದಿಂದ ಎರಡು ಸಲ ಬಡೀತಾರ. ಜಾಕ್ ಜಾರಿದ ದಿನ ಮೂರು ಸಲ ಕೇಳಿದ್ನಿ. ಬಡೀಲಿಲ್ಲ. ಆಮ್ಯಾಲೆ ಬಡದ್ರು ಖರೆ. ಅಲ್ಲೀತನಕ ನಾ ಹೆಂಗಿದ್ನಿ ಅಂತ ಅವರು ಇವತ್ತಿಗೂ ಕೇಳಿಲ್ರಿ."

ನಬಿಸಾಬ ಗೋಡೆಗಾತು ನಿಂತು ಎಲ್ಲ ಕೇಳಿಸಿಕೊಂಡ.

ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಗಂಡನ ಜಾಮೀನಿನ ಮೇಲೆ ಆಕೆಯನ್ನು ಬಿಟ್ಟರು. ದುರುದ್ದೇಶ ಕಂಡುಬಂದಿಲ್ಲ, ಪ್ರಕರಣ ಮುಕ್ತಾಯಗೊಳಿಸಬಹುದು ಎಂದು ರಾವಸಾಬರು ವರದಿ ಬರೆದರು. ಬಾಯಿಮಾತಿನಲ್ಲಿ ಒಂದು ಕರಾರು ಹಾಕಿದರು: ಭಾರ ಹೊರುವ ಇಸಾಕನ ಕಬ್ಬಿಣದ ಕುದುರೆಗಳ ಮೇಲೆ ಗಾಡಿ ಕೂಡಿಸದೆ ನಬಿಸಾಬ ಕೆಳಗೆ ತೂರಕೂಡದು.

ಸಂಜೆ ಯಂಕಪ್ಪ ನೋಡಲು ಹೋದ. ಗಾಡಿ ಎರಡು ಕುದುರೆಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಇಸಾಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೇಡದ ಸಲಹೆ ಕೊಡುತ್ತಿದ್ದ. ಎರಡು ಪಾದ ಹೊರಗೆ ಕಾಣುತ್ತಿದ್ದವು. ರಾಜಬಿ ಹರಿದ ಗಾದಿ ಹೊಲಿಯುತ್ತಿದ್ದಳು. ಈ ಸಲ ಆಕೆ ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಎರಡು ಬಡಿತ ಕೇಳಿಸಿದವು.

ಐದೂ ಇಪ್ಪತ್ತು, ಎಂದು ಯಂಕಪ್ಪ ಬರೆದುಕೊಂಡ.