ಬಟಾಣಿ ಸೂಪಿನ ಸುಳ್ಳು ಸುದ್ದಿ

ಫೆಬ್ರವರಿ 13, ಶುಕ್ರವಾರ, ಬೆಳಿಗ್ಗೆ 9.10. ಕಯಾನಿ ಊರಿನ ಪೊಲೀಸ್ ಠಾಣೆಗೆ ಬಂದ ಹೋದಾನ್ ವಾರ್ಸಾಮೆ ಕೋಟು ಕೂಡ ಬಿಚ್ಚದೆ ದೂರು ಬರೆಸಿದಳು. ಅವಳು ಹೊರದೇಶದಿಂದ ಬಂದು ನೆಲೆಸಿದವಳು, ಶಾಲೆಯ ಅಡುಗೆಯವಳು. ಗುರುವಾರದ ಬಟಾಣಿ ಸೂಪಿಗೆ ಅವಳು ವಿಷ ಬೆರೆಸಿದಳು, ಹದಿನೇಳು ಮಕ್ಕಳು ಆಸ್ಪತ್ರೆ ಸೇರಿದ್ದಾರೆ ಎಂಬ ಸುದ್ದಿ ಆಸ್ಪತ್ರೆಯ ಚಿತ್ರಸಮೇತ ಊರಿನ ಫೋನುಗಳಲ್ಲೆಲ್ಲ ಹರಿದಾಡಿತ್ತು. ಬೆಳಿಗ್ಗೆ ಅವಳ ಮನೆಯ ಕಿಟಕಿಗೆ ಕಲ್ಲು ಬಿದ್ದಿತ್ತು.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಹೆಲ್ಕಾ ಮೊಯ್ಲಾನೆನ್ ಕೇಳಿದಳು.

"ಹನ್ನೊಂದು ವರ್ಷದಿಂದ ಈ ಊರಿನ ಮಕ್ಕಳಿಗೆ ಬಡಿಸ್ತಿದೀನಿ. ಯಾರ ಹೆಸರು ಹೇಳಲಿ?"

ಹೆಲ್ಕಾ ಆಸ್ಪತ್ರೆಗೆ ಫೋನ್ ಮಾಡಿದಳು. ಒಂದು ಮಗುವೂ ದಾಖಲಾಗಿರಲಿಲ್ಲ.

11.30ಕ್ಕೆ ಅವಳು ಕಾನ್‌ಸ್ಟೆಬಲ್ ಯುವೊನೆನ್ ಜೊತೆ ಶಾಲೆಗೆ ಹೋದಳು. ಒಂಬತ್ತನೇ ತರಗತಿಯಲ್ಲಿ ಪೌರನೀತಿ ಮೇಷ್ಟ್ರು ತಾರ್ಮೊ ಅದೇ ಸುದ್ದಿಯನ್ನು ಪರದೆಯ ಮೇಲೆ ಹಾಕಿ, ಯಾರು ಹೇಳಿದ್ದು, ಪುರಾವೆ ಏನು ಎಂದು ಮಕ್ಕಳನ್ನು ಕೇಳುತ್ತಿದ್ದ.

"ತನಿಖೆ ನಮ್ಮ ಕೆಲಸ," ಯುವೊನೆನ್ ಗೊಣಗಿದ.

"ನೀವು ತನಿಖೆ ಮಾಡಿ. ನಾವು ಓದ್ತಿದೀವಿ, ಅಷ್ಟೆ," ಎಂದ ತಾರ್ಮೊ.

ವಿಲ್ಯಾ ಎಂಬ ಹುಡುಗಿ ಎದ್ದು ನಿಂತಳು. "ಚಿತ್ರದಲ್ಲಿ ಗೋಡೆಯ ಕರೆಂಟ್ ಸಾಕೆಟ್ ನೋಡಿ. ನಮ್ಮಲ್ಲಿ ತೂತು ದುಂಡಗೆ, ಇಲ್ಲಿ ಚಪ್ಪಟೆ. ಈ ಆಸ್ಪತ್ರೆ ನಮ್ಮ ದೇಶದ್ದೇ ಅಲ್ಲ."

"ಬರೆದೋರು ಯಾರಿರಬಹುದು?" ಹೆಲ್ಕಾ ಕೇಳಿದಳು.

"ಕೊನೆಗೆ 'ತೀರ್ಪು ಓದುಗರಿಗೇ ಬಿಟ್ಟದ್ದು' ಅಂತಿದೆ. ಈಗ್ಯಾರು ಹೀಗೆ ಬರೀತಾರೆ? ನಿಂತುಹೋಯ್ತಲ್ಲ ನಮ್ಮೂರ ಪೇಪರು, ಅದರ ಹಳೇ ಸಂಚಿಕೆ ಲೈಬ್ರರಿಯಿಂದ ತಂದ್ವಿ. ಸಂಪಾದಕೀಯ ಎಲ್ಲಾ ಹೀಗೇ ಮುಗಿಯುತ್ತೆ."

"ಇದು ಸಾಕ್ಷಿ ಆಗಲ್ಲ ಕಣಮ್ಮ," ಹೆಲ್ಕಾ ನಕ್ಕಳು. "ಆದ್ರೆ ದಾರಿ ಸಿಕ್ತು."

ಹೋದಾನ್ ಮನೆಗೆ ಕಲ್ಲೆಸೆದಿದ್ದ ನೆರೆಯವನು ಶನಿವಾರ ಸಿಕ್ಕಿಬಿದ್ದ. ಸುದ್ದಿ ನಂಬಿ ಎಸೆದೆ ಎಂದ. ಸೋಮವಾರ ಮಧ್ಯಾಹ್ನ 2.20ಕ್ಕೆ ಇಂಟರ್ನೆಟ್ ಕಂಪನಿಯ ಉತ್ತರ ಬಂತು. ಸುದ್ದಿ ಹೊರಟ ಸಂಪರ್ಕ ನಿಂತುಹೋದ ಆ ಪತ್ರಿಕೆಯ ಮಾಜಿ ಸಂಪಾದಕ ಆಲ್ಪೊ ಸೂಟಾರಿಯ ಹೆಸರಿನಲ್ಲಿತ್ತು. 4 ಗಂಟೆಗೆ ಮನೆ ಶೋಧಿಸಿ, ಮಹಜರು ಬರೆದು, ಲ್ಯಾಪ್‌ಟಾಪ್ ವಶಪಡಿಸಿಕೊಂಡರು. ಸುದ್ದಿಯ ಮೂರು ಕರಡುಗಳು ಅದರಲ್ಲಿದ್ದವು. 5.15ಕ್ಕೆ ಬಂಧನ ದಾಖಲಾಯಿತು.

"ಹೋದಾನ್ ಮೇಲೆ ಏನು ದ್ವೇಷ?" ಹೆಲ್ಕಾ ಕೇಳಿದಳು.

"ದ್ವೇಷನಾ? ಅವಳ ಮುಖ ಕೂಡ ನೋಡಿಲ್ಲ. ಎಂಥವಳ ಹೆಸರು ಹಾಕಿದ್ರೆ ಜನ ಬೇಗ ನಂಬ್ತಾರೆ ಅಂತ ಗೊತ್ತಿತ್ತು." ಆಲ್ಪೊ ಕನ್ನಡಕ ತೆಗೆದ. "ಮೂವತ್ತೊಂದು ವರ್ಷ ನಿಜ ಬರೆದೆ, ಹೆಲ್ಕಾ. ಪೇಪರು ನಿಂತ ದಿನ ಒಬ್ಬರೂ ಫೋನ್ ಮಾಡ್ಲಿಲ್ಲ. ಇದನ್ನ ಒಂದೇ ಸಂಜೆ ನಲವತ್ತು ಸಾವಿರ ಜನ ಓದಿದ್ರು."

"ಅವಳ ಮನೆಗೆ ಕಲ್ಲು ಬಿದ್ದದ್ದು ಗೊತ್ತಾಯ್ತಾ?"

"ಗೊತ್ತಾಯ್ತು. ಅಳಿಸೋಣ ಅಂತ ಕೂತೆ." ಅವನು ಕನ್ನಡಕ ಮತ್ತೆ ಹಾಕಿಕೊಂಡ. "ಕೈ ಬರ್ಲಿಲ್ಲ. ಓದೋರು ಇನ್ನೂ ಬರ್ತಾನೇ ಇದ್ರು."