ಇನ್ನೂ ಸ್ವಲ್ಪ ಏರಿದೆ

ಕಿವಿ ಚುರುಕಾಗಿರುವವರ ಪಾಡು ಯಾರಿಗೂ ಬೇಡ. ಕಡಿಯಾಳಿಯ ನಳಿನಾಕ್ಷಿ ಸಣ್ಣಂದಿನಿಂದ ವೀಣೆ ಕಲಿತವಳು. ಪಕ್ಕದ ಮನೆಯ ಮಾಳಿಗೆಗೆ ಬಾಡಿಗೆಗೆ ಬಂದ ಹುಡುಗ ಸಂಜೆ ಗಿಟಾರು ಹಿಡಿದನೆಂದರೆ ಅವಳಿಗೆ ಹುಳಿ ಮಾವು ಕಚ್ಚಿದಂತೆ ಹಲ್ಲು ಜುಮ್ಮೆನ್ನುತ್ತಿತ್ತು. ಕೆಲವು ದಿನ ತಡೆದಳು. 1978ರ ಜನವರಿಯ ಒಂದು ಭಾನುವಾರ ತಡೆಯಲಾಗದೆ ಬೇಲಿಯ ಬಳಿ ನಿಂತು ಕೂಗಿಯೇ ಬಿಟ್ಟಳು.

"ಹೋಯ್, ಕೇಳ್ತದಾ? ನಿಮ್ಮ ವಾದ್ಯಕ್ಕೆ ಶ್ರುತಿಯೇ ಇಲ್ಲ!"

ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ದಪ್ಪ ಕನ್ನಡಕ, ಕೆದರಿದ ಕೂದಲು.

"ಶ್ರುತಿ ಇಲ್ವಾ? ಅರ್ಧ ಗಂಟೆ ಕೂತು ಮಾಡಿದ್ದೇನೆ ಮಾರಾಯ್ರೆ! ಹನ್ನೆರಡು ತಂತಿ ಉಂಟು ಇದಕ್ಕೆ!"

"ತಂತಿ ನೂರಿರಲಿ. ತಂದು ತೋರಿಸಿ."

ಅವನು ತಂದೇ ಬಿಟ್ಟ. ಹೆಸರು ತಾರಾನಾಥ, ಊರು ಕಾಪು, ಕೆಲಸ ಮಣಿಪಾಲದ ಒಂದು ಆಫೀಸಿನಲ್ಲಿ. ಡಾಕ್ಟರಿಕೆ ಓದಲು ಬಂದಿದ್ದ ಮಲೇಷ್ಯಾದ ಗೆಳೆಯನೊಬ್ಬ ಊರಿಗೆ ಹೋಗುವಾಗ ಆ ಗಿಟಾರನ್ನು ಅವನಿಗೆ ಕೊಟ್ಟುಹೋಗಿದ್ದ. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಪಂಕಜತ್ತೆ, ಅಂದರೆ ನಳಿನಾಕ್ಷಿಯ ಅಪ್ಪನ ಅಕ್ಕ, ಇಬ್ಬರ ನಡುವೆ ಸರಿಯಾಗಿ ಬಂದು ಕುಳಿತರು. ಮರ್ಯಾದೆಯ ಮನೆ ಅಲ್ವಾ!

ತಂತಿಗಳು ಎರಡೆರಡಾಗಿ ಜೋಡಿ ನಿಂತಿದ್ದವು. ಕೆಲವು ಜೋಡಿಯಲ್ಲಿ ಒಂದು ದಪ್ಪ, ಇನ್ನೊಂದು ತೆಳು. ದಪ್ಪದ್ದು ನುಡಿದ ಸ್ವರವನ್ನೇ ತೆಳುವಾದದ್ದು ಒಂದು ಸ್ಥಾಯಿ ಮೇಲೆ ನುಡಿಯುತ್ತಿತ್ತು. ಸುಮ್ಮನೆ ಮೀಟಿದರೆ ಜೋಡಿ ಸರಿಯಾಗಿಯೇ ಇತ್ತು. ಗಿಟಾರಿನ ಕುತ್ತಿಗೆಯ ನಡುವೆ ಒತ್ತಿ ಮೀಟಿದರೆ ಮಾತ್ರ ದಪ್ಪದ್ದರ ಸ್ವರ ಏರಿ ಎರಡೂ ಜಗಳಕ್ಕೆ ನಿಲ್ಲುತ್ತಿದ್ದವು.

"ವೀಣೆಯಲ್ಲಾದರೆ ಮೇಣ ಬಿಸಿ ಮಾಡಿ ಸ್ವರದ ಮೆಟ್ಟಿಲು ಸರಿಸಬಹುದು" ಎಂದಳು.

"ಇಲ್ಲಿ ಮೆಟ್ಟಿಲು ಮರಕ್ಕೆ ಬಡಿದದ್ದು. ಸರಿಸಲಿಕ್ಕೆ ಆಗುವುದಿಲ್ಲ."

ಅವಳು ಬಗ್ಗಿ ನೋಡಿದಳು. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳೆಲ್ಲ ಒಂದು ಬಿಳಿ ಪಟ್ಟಿಯನ್ನು ಹತ್ತಿ ಇಳಿಯುತ್ತಿದ್ದವು. ಪಟ್ಟಿ ನೇರ. ದಪ್ಪ ತಂತಿಗೂ ತೆಳು ತಂತಿಗೂ ಒಂದೇ ಉದ್ದ.

"ದಪ್ಪದ್ದಕ್ಕೆ ಕೂದಲೆಳೆಯಷ್ಟು ಉದ್ದ ಹೆಚ್ಚು ಬೇಕು. ಅದರ ಅಡಿಯಲ್ಲಿ ಈ ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ಹಿಂದಕ್ಕೆ ತಂದರೆ?"

ತಾರಾನಾಥ ಅವಳನ್ನೇ ನೋಡಿದ. ನೋಡಿದ್ದು ಸ್ವಲ್ಪ ಹೆಚ್ಚೇ ಆಯಿತು. ಅತ್ತೆ ಕೆಮ್ಮಿದರು.

ಹಾಗೆ ಶುರುವಾಯಿತು. ಪ್ರತಿ ಭಾನುವಾರ ಅವನು ಅರ ಹಿಡಿದು ಬರುವುದು, ಇವಳು ಕಣ್ಣು ಮುಚ್ಚಿ ಕೇಳುವುದು. ಮೊದಲು ತಂತಿಯ ನಡುವೆ ಬೆರಳನ್ನು ಮುಟ್ಟಿಯೂ ಮುಟ್ಟದ ಹಾಗೆ ಇಟ್ಟು ಮೀಟುತ್ತಿದ್ದ. ಆಮೇಲೆ ಅಲ್ಲೇ ಒತ್ತಿ ಮೀಟುತ್ತಿದ್ದ. ಎರಡು ಸ್ವರವೂ ಒಂದೇ ಆಗಬೇಕು.

"ಹೇಗುಂಟು?"

"ಇನ್ನೂ ಸ್ವಲ್ಪ ಏರಿದೆ."

ಅವನು ತಂತಿ ಸಡಿಲಿಸಿ, ಪಟ್ಟಿ ತೆಗೆದು, ಉಜ್ಜಿ, ಪುಡಿಯನ್ನು ಉಫ್ ಎಂದು ಊದುತ್ತಿದ್ದ. ಊದುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದನ್ನು ನೋಡಲೆಂದೇ ಅವಳು ಕಣ್ಣು ತೆರೆಯುತ್ತಿದ್ದಳು.

"ನೀವು ಕೇಳುವಾಗ ಹುಬ್ಬು ಗಂಟು ಹಾಕ್ತೀರಿ" ಎಂದ ಒಮ್ಮೆ.

"ನಿಮಗೆ ತಂತಿ ನೋಡುವ ಕೆಲಸ. ಹುಬ್ಬು ಯಾಕೆ?"

"ತಂತಿಗಿಂತ ಮೊದಲು ಹುಬ್ಬೇ ಹೇಳ್ತದೆ."

ಅವಳ ಕಿವಿ ಕೆಂಪಾಯಿತು.

ಮಾವಿನ ಮಿಡಿ ಬಿಡುವ ಹೊತ್ತಿಗೆ ಒಂದು ಭಾನುವಾರ ದಪ್ಪ ತಂತಿ, ತೆಳು ತಂತಿ ಎರಡೂ ಒಂದೇ ಉಸಿರಾಗಿ ನುಡಿದವು. ನಳಿನಾಕ್ಷಿಯ ಮೈ ಝುಮ್ಮೆಂದಿತು. ಸರಿಯಾಯಿತು! ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಸರಿಯಾದ ಮೇಲೆ ಇವರಿಗೆ ಇಲ್ಲಿ ಎಂತ ಕೆಲಸ?

"ಹೇಗುಂಟು?"

"ಇನ್ನೂ ಸ್ವಲ್ಪ ಏರಿದೆ" ಎಂದುಬಿಟ್ಟಳು.

ಪಾಪ, ಅವನು ನಂಬಿದ. ಅವಳ ಕಿವಿಯ ಮುಂದೆ ತನ್ನದು ಲೆಕ್ಕಕ್ಕಿಲ್ಲ ಎಂದು ಅವನ ಭಾವನೆ. ಮತ್ತೆ ಉಜ್ಜಿದ. ಮುಂದಿನ ವಾರವೂ ಉಜ್ಜಿದ. ಸುಳ್ಳಿನ ರುಚಿ ಹತ್ತಿದರೆ ಬಿಡುವುದುಂಟೇ? ಬೇಸಿಗೆ ಕಳೆಯುತ್ತ ಬಂತು.

ಒಂದು ಭಾನುವಾರ ಅವನು ಓಡುತ್ತಲೇ ಬಂದ. "ಕಲ್ಯಾಣಪುರದಲ್ಲಿ ನನ್ನ ಗೆಳೆಯ ಕ್ಲಾರೆನ್ಸನ ತಂಗಿ ಗ್ಲ್ಯಾಡಿಸ್‌ಗೆ ಮದುವೆ. ಹಿಂದಿನ ದಿನ ರೋಸ್, ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ನಾನು ನುಡಿಸಬೇಕಂತೆ! ಜನರೆದುರು ಮೊದಲ ಸಲ. ನೀವು ಸರಿ ಅಂದರೆ ನನಗೆ ಧೈರ್ಯ."

ಕುಳಿತು, ಕುತ್ತಿಗೆಯ ಮೇಲಿನ ಮೆಟ್ಟಿಲುಗಳಲ್ಲಿ ಒಂದು ಧಾಟಿ ನುಡಿಸಿದ. ದಪ್ಪ ತಂತಿಗಳೆಲ್ಲ ಸ್ವರದಿಂದ ಜಾರಿ ಕೆಳಗೆ ಬಿದ್ದಿದ್ದವು. ಮೊದಲಿಗಿಂತ ಕೆಟ್ಟದಾಗಿತ್ತು. ಉಜ್ಜಿದ್ದು ಮತ್ತೆ ಬೆಳೆಯುತ್ತದೆಯೇ? ಇಷ್ಟಾಗಿಯೂ ಅವನು ನಗುತ್ತ ಅವಳ ಹುಬ್ಬನ್ನೇ ನೋಡುತ್ತಿದ್ದ.

"ತಾರಾನಾಥರೇ, ಅದು ಸರಿ ಇತ್ತು" ಎಂದಳು ನಳಿನಾಕ್ಷಿ.

"ಯಾವಾಗ?"

"ಮಾವು ಮಿಡಿ ಬಿಟ್ಟಾಗಲೇ. ಆಮೇಲೆ ನಾನು ಹೇಳಿದ್ದೆಲ್ಲ ಸುಳ್ಳು. ಈಗ ಅದು ಹಾಳಾಗಿದೆ. ನಾನೇ ಹಾಳು ಮಾಡಿಸಿದೆ."

"ಯಾಕೆ?"

"ಸರಿಯಾಯಿತು ಅಂದರೆ ನೀವು ಬರುವುದಿಲ್ಲ ಅಂತ ಹೆದರಿಕೆ. ನನಗೆ ನೀವು ಬರಬೇಕಿತ್ತು."

ಅತ್ತೆಯ ಕೈಯ ಬತ್ತಿ ನಿಂತಿತು. ತಾರಾನಾಥ ಗಿಟಾರು ಎತ್ತಿಕೊಂಡು ಬೇಲಿ ದಾಟಿ ಹೋದ.

ನಳಿನಾಕ್ಷಿ ಕಂಬಕ್ಕೆ ಮುಖ ಕೊಟ್ಟು ಅತ್ತಳು. ಅತ್ತೆ ಒಳಗೆ ಹೋಗಿ ಪೆಟ್ಟಿಗೆ ತೆರೆದ ಸದ್ದಾಯಿತು. ಬಂದು ಅವಳ ಅಂಗೈಯಲ್ಲಿ ಒಂದು ಕೊಂಬಿನ ಬಾಚಣಿಗೆ ಇಟ್ಟರು. ಅವರಿಗೆ ಮದುವೆಯಲ್ಲಿ ಗಂಡ ಕೊಟ್ಟದ್ದು. ಎಳೆ ಪ್ರಾಯದಲ್ಲಿ ಗಂಡ ತೀರಿಹೋಗಿ, ತಲೆ ಬೋಳಿಸಿದ ದಿನ ಪೆಟ್ಟಿಗೆಯ ತಳ ಸೇರಿತ್ತು.

"ಇದರ ಬೆನ್ನು ಆ ಪಟ್ಟಿಯಷ್ಟೇ ದಪ್ಪ ಉಂಟು. ಹಲ್ಲು ಕತ್ತರಿಸಿದರೆ ಹೊಸ ಪಟ್ಟಿ ಆಯಿತು."

"ಅತ್ತೆ, ಇದು ಮಾವ ಕೊಟ್ಟದ್ದಲ್ವಾ!"

"ಪೆಟ್ಟಿಗೆಯಲ್ಲಿ ಕೂತು ಎಂತ ಮಾಡ್ತದೆ? ಹಾಡಲಿ ಅತ್ಲಾಗೆ." ಅತ್ತೆ ಬೇಲಿಯತ್ತ ತಿರುಗಿ ಕೂಗಿದರು: "ತಾರಾನಾಥಾ! ಕೋಪ ಮುಗಿದಿದ್ದರೆ ಅರ ತೆಗೆದುಕೊಂಡು ಬಾ!"

ಅವನು ಬಂದ. ಕಣ್ಣು ಕೆಂಪಾಗಿತ್ತು.

"ಸುಳ್ಳಿಗೆ ಕೋಪ ಬಂದದ್ದಲ್ಲ" ಎಂದ ಮೆಲ್ಲಗೆ. "ಸರಿಯಾದರೆ ನೀವು ಬರಬೇಡಿ ಅಂತೀರೋ ಅಂತ ನಾನೂ ಹೆದರುತ್ತಿದ್ದೆ. ಸುಮ್ಮನೆ ಬನ್ನಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ನಳಿನಾಕ್ಷೀ!"

ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ವಾರವಿಡೀ ಸಂಜೆ ಕೆಲಸ ಬಿಟ್ಟು ನೇರ ಜಗಲಿಗೆ ಬಂದು ಕೊಂಬನ್ನು ಉಜ್ಜಿದ. ರೋಸ್‌ನ ಹಿಂದಿನ ದಿನ ತಂತಿ ಬಿಗಿದು ಮೀಟಿದ. ಜೋಡಿ ಜೋಡಿಯೂ ಕೂಡಿಕೊಂಡು ನುಡಿದವು.

"ಹೇಗುಂಟು?"

ಇನ್ನೊಂದು ಭಾನುವಾರದ ಆಸೆ ನಾಲಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು.

"ಸರಿ ಉಂಟು. ಇನ್ನು ಮುಟ್ಟಬೇಡಿ."

ತಾರಾನಾಥ ಅರವನ್ನು ಜೇಬಿಗೆ ಹಾಕಿ ಅತ್ತೆಯ ಕಡೆ ತಿರುಗಿದ. "ಇನ್ನು ಇದರ ಕೆಲಸ ಇಲ್ಲ. ಬರುವ ಭಾನುವಾರ ಕಾಪುವಿನಿಂದ ಅಮ್ಮನನ್ನು ಕರೆದುಕೊಂಡು ಬರ್ತೇನೆ. ಜಾತಕ ಕೇಳಲಿಕ್ಕೆ. ಆಗಬಹುದಾ?"

"ಬರಲಿ. ನನ್ನ ತಮ್ಮನಿಗೆ ನಾನು ಹೇಳ್ತೇನೆ" ಎಂದರು ಅತ್ತೆ. "ಆದರೆ ಮಾರಾಯ, ಇವಳು ಏನು ಹೇಳಿದರೂ ಎರಡು ಸಲ ಕೇಳಿಕೋ."

ನಳಿನಾಕ್ಷಿ ನಗುತ್ತಲೇ ಅತ್ತಳು. ಬಗ್ಗಿ ಅತ್ತೆಯ ಪಾದ ಹಿಡಿದಳು. ಎಷ್ಟು ಹೊತ್ತಾದರೂ ಬಿಡಲಿಲ್ಲ.