ಮೂರನೇ ಹಾಳೆಯ ಕೆಳಗಿನ ಅರ್ಧ

ಠಾಣೆ ಯಾವುದೆಂದು ಹೇಳುವುದಿಲ್ಲ. ಚಿಂತಾಮಣಿ ತಾಲ್ಲೂಕಿನದು ಎಂದರೆ ಸಾಕು. 1963ರ ಮಾರ್ಚ್ 11, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಕೆಂಚಾರ್ಲಹಳ್ಳಿ ಕಡೆಯ ಅನಸೂಯಮ್ಮ ಎಂಬಾಕೆ ದೂರು ಕೊಡಲು ಬಂದಳು. ಅವಳನ್ನು ಕಂಡದ್ದೇ ಕಾನ್ಸ್‌ಟೇಬಲ್ ಎರ್ರಪ್ಪ ಮುಖ ತಿರುಗಿಸಿಕೊಂಡ. ಅವಳ ಗಂಡ ವೆಂಕಟೇಶ್ ಸೇನೆಯ ವರ್ಕ್‌ಷಾಪಿನಲ್ಲಿ ಫಿಟರ್ ಆಗಿದ್ದವನು. ಚೀನಾ ಯುದ್ಧದ ದಿನಗಳಲ್ಲಿ ವರ್ಕ್‌ಷಾಪಿನ ನಕ್ಷೆ ಬರೆದು ಶತ್ರುವಿಗೆ ಕಳಿಸಲು ಇಟ್ಟುಕೊಂಡಿದ್ದನೆಂದು ಅವನಿಗೆ ಗಲ್ಲುಶಿಕ್ಷೆಯಾಗಿತ್ತು, ಮೇಲ್ಮನವಿ ಹೈಕೋರ್ಟಿನಲ್ಲಿತ್ತು. ನವೆಂಬರಿನಲ್ಲಿ ಒಂದು ಮೂಗರ್ಜಿಯ ಸುಳಿವು ಹಿಡಿದು ಊರಿನ ಮನೆಗೆ ಹೋಗಿ ಅವನ ಟ್ರಂಕಿನಿಂದ ಆ ನಕ್ಷೆ ತೆಗೆದವರು ಇದೇ ಠಾಣೆಯ ಇನ್‌ಸ್ಪೆಕ್ಟರ್ ಜಿಯಾವುಲ್ಲಾ. ಅದಕ್ಕಾಗಿ ಅವರಿಗೆ ಪ್ರಶಂಸಾಪತ್ರವೂ ಬಂದಿತ್ತು.

ದೂರು ಗಂಡನ ವಿಷಯವಲ್ಲ. ಅಪ್ಪ ಆವಲಪ್ಪ ಬಿಟ್ಟುಹೋದ ಮೂರೆಕರೆ ಹಿಪ್ಪುನೇರಳೆ ತೋಟದ ಪಾಲುಪಟ್ಟಿ ಪೆಟ್ಟಿಗೆಯಿಂದ ಕಳುವಾಗಿತ್ತು. ಮದುವೆಯಾದ ಮೇಲೆ, ಕಂದಾಯ ಕಟ್ಟಲು ಅನುಕೂಲವೆಂದು, ತೋಟದ ಖಾತೆಯನ್ನು ವೆಂಕಟೇಶನ ಹೆಸರಿಗೆ ಮಾಡಿಸಿದ್ದರು. ಈಗ ಅದು ದೇಶದ್ರೋಹಿಯ ಆಸ್ತಿಯೆಂದು ಜಪ್ತಿ ನೋಟೀಸು ಬಂದಿದೆ. ತೋಟ ತವರಿನದೆಂದು 18ನೇ ತಾರೀಖಿನೊಳಗೆ ಕಾಗದ ತೋರಿಸದಿದ್ದರೆ ಹರಾಜು. ಪಾಲುಪಟ್ಟಿ ರಿಜಿಸ್ಟರ್ ಆದದ್ದಲ್ಲ, ಅದಕ್ಕೆ ನಕಲೂ ಇಲ್ಲ.

ಗಂಡನನ್ನು ಜೈಲಿನಲ್ಲಿ ನೋಡಿದ್ದೀಯಾ ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಆ ಹೆಸರು ಎತ್ಬೇಡಿ ಸ್ವಾಮಿ. ಊರಲ್ಲಿ ತಲೆ ಎತ್ತೋ ಹಂಗಿಲ್ಲ. ನನ್ನ ಎರಡು ಮಕ್ಕಳಿಗೆ ಇರೋದು ಆ ತೋಟ ಒಂದೇ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡೂವರೆಗೆ ಮನೆಯಲ್ಲಿ ಪಂಚನಾಮೆ. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ದೇವರ ಪಟದ ಹಿಂದೆ ನೇತುಹಾಕಿದ್ದ ಬೀಗದಕೈ ಅಲ್ಲೇ ಇತ್ತು. ಆ ಮನೆಯಲ್ಲಿರುವವರು ಅನಸೂಯಮ್ಮ, ಮಕ್ಕಳು ಮತ್ತು ಚಿಕ್ಕಪ್ಪ ಗಂಗುಲಪ್ಪ. ಅವಳು ಐದು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ ಮೇಲೆ ಸಾಕಿದವನು ಈ ಗಂಗುಲಪ್ಪನೇ. ಊರವರ ಅನುಮಾನವೆಲ್ಲ ಶಿಡ್ಲಘಟ್ಟದಲ್ಲಿದ್ದ ವೆಂಕಟೇಶನ ಅಣ್ಣನ ಮೇಲೆ. ಎರ್ರಪ್ಪ ಹೋಗಿ ವಿಚಾರಿಸಿದ. ಆ ಪುಣ್ಯಾತ್ಮ ಕಾಲು ಮುರಿದುಕೊಂಡು ತಿಂಗಳಿಂದ ಹಾಸಿಗೆ ಹಿಡಿದಿದ್ದ.

ಮಂಗಳವಾರ ಇನ್‌ಸ್ಪೆಕ್ಟರ್ ಅನಸೂಯಮ್ಮನನ್ನು ಮತ್ತೆ ಕರೆಸಿ, ಕಾಗದದ ಗುರುತು ಹೇಳು ಎಂದರು. ಮೂರು ಹಾಳೆ, ಮೂರನೆಯದರ ಮೇಲ್ಭಾಗದಲ್ಲಿ ಅಪ್ಪನದು, ಚಿಕ್ಕಪ್ಪನದು, ಸಾಕ್ಷಿಗಳದು ರುಜು.

"ಕೆಳಗಡೆ?"

"ಕೆಳಗಿನ ಅರ್ಧ ಹರಿದೋಗಿತ್ತು. ಹೋದ ದೀಪಾವಳಿ ಟೈಮಲ್ಲೇ ನೋಡಿದ್ದೆ. ಇಲಿ ಕಡಿದಿರ್ಬೇಕು ಅಂದ್ರು ಚಿಕ್ಕಪ್ಪ."

"ಎಂಥ ಕಾಗದ?"

"ಮಹಾರಾಜರ ಕಾಲದ ಛಾಪಾ ಕಾಗದ. ಬೆಳಕಿಗೆ ಹಿಡಿದ್ರೆ ಎರಡು ತಲೆ ಹಕ್ಕಿ ಕಾಣ್ತದೆ."

ಜಿಯಾವುಲ್ಲಾ ಅವರ ಲೇಖನಿ ನಿಂತಿತು. ಅವಳನ್ನು ಹೊರಗೆ ಕೂರಿಸಿ, ಬೀರುವಿನಿಂದ ನವೆಂಬರಿನ ಕಡತ ತೆಗೆದರು. ನಕ್ಷೆ ವಶಪಡಿಸಿಕೊಂಡ ಪಂಚನಾಮೆಯಲ್ಲಿ ಅವರದೇ ಅಕ್ಷರದಲ್ಲಿ ಹೀಗಿತ್ತು: ಮೇಲಂಚು ಹರಿದಿರುವ ದಪ್ಪ ಕಾಗದ, ಬೆಳಕಿಗೆ ಹಿಡಿದಾಗ ಗಂಡಭೇರುಂಡದ ಕೆಳಭಾಗ ಕಾಣುತ್ತದೆ. ಆ ಸಾಲನ್ನು ಮೂರು ಸಲ ಓದಿದರು. ಬರೆದದ್ದೇನೋ ಬರೆದಿದ್ದರು, ಮಿಕ್ಕ ಅರ್ಧ ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ. ಬೇಹುಗಾರ ಸಿಕ್ಕಿದ ಎಂಬ ಸಡಗರದಲ್ಲಿ ಯಾರಿಗೆ ಬೇಕಿತ್ತು ಅದು!

ಬುಧವಾರ ಸಂಜೆ ನಾಲ್ಕಕ್ಕೆ ಗಂಗುಲಪ್ಪನ ಹುಳುಮನೆ ಶೋಧಿಸಿದರು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒಂದೊಂದಾಗಿ ಇಳಿಸಿದಾಗ, ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟ ಪಾಲುಪಟ್ಟಿ ಸಿಕ್ಕಿತು. ಮೂರನೇ ಹಾಳೆಯ ಹರಿದ ಅಂಚಿಗೆ ಕಡತದಲ್ಲಿದ್ದ ನಕ್ಷೆಯ ನಿಜ ಅಳತೆಯ ಫೋಟೋ ಇಟ್ಟು ನೋಡಿದರು. ಅಂಕುಡೊಂಕು ಸಮೇತ ಕೂಡಿತು.

"ನಕ್ಷೆ ಬರೆದದ್ದು ಯಾರು?"

"ನಾನೇ." ಗಂಗುಲಪ್ಪ ನೆಲ ನೋಡುತ್ತಿದ್ದ. "ಸರ್ವೆಯವರ ಹತ್ರ ಹನ್ನೆರಡು ವರ್ಷ ಸರಪಣಿ ಹಿಡಿದಿದೀನಿ. ವರ್ಕ್‌ಷಾಪಿಗೆ ಅವನ್ನ ನೋಡೋಕೆ ಹೋದಾಗ ಕಂಡಿದ್ದನ್ನ, ಕೈಗೆ ಬೇರೆ ಕಾಗದ ಸಿಗ್ದೆ ಪಟ್ಟಿಯ ಖಾಲಿ ಅರ್ಧ ಹರಿದು ಅದ್ರಲ್ಲಿ ಬರೆದೆ. ಅವನ ಟ್ರಂಕಿಗೆ ಹಾಕ್ದೆ."

"ಮೂಗರ್ಜಿ?"

"ಅದೂ ನಾನೇ."

"ಯಾಕೆ?"

"ತೋಟ ಮಾರಿ ಲಾರಿ ತಗೋತೀನಿ ಅಂತ ನಿಂತಿದ್ದ. ಖಾತೆ ಅವನ್ದು, ತಡೆಯೋರ್ಯಾರು? ಒಂದು ವರ್ಷ ಒಳಗೆ ಹಾಕ್ತಾರೆ, ಅಷ್ಟರಲ್ಲಿ ಖಾತೆ ಹುಡುಗಿ ಹೆಸರಿಗೆ ತಿರುಗಿಸಣ ಅನ್ಕೊಂಡೆ. ಗಲ್ಲು ಅಂತಾರೆ ಅಂತ ನಂಗೇನಪ್ಪ ಗೊತ್ತು."

ಹರಿದ ಹಾಳೆಯನ್ನು ಸುಟ್ಟು, ಮಿಕ್ಕದ್ದನ್ನು ಅವಳಿಗೆ ಕೊಡಬಹುದಿತ್ತಲ್ಲ ಎಂದರು ಇನ್‌ಸ್ಪೆಕ್ಟರ್.

"ಅಣ್ಣನ ರುಜು ಇರೋದು ಆ ಹಾಳೇಲೇ ಸ್ವಾಮಿ. ಸುಟ್ರೆ ತೋಟ ಹೋಗ್ತದೆ. ತೋರಿಸಿದ್ರೆ ನಾನು ಹೋಗ್ತೀನಿ."

ಶಿಕ್ಷೆಯ ಸುದ್ದಿ ಬಂದ ಮೇಲೆ ನಿಜ ಹೇಳಿಬಿಡೋಣವೆಂದು ಮೂರು ಸಲ ಠಾಣೆಯ ಮುಂದಿನ ಹುಣಸೆಮರದವರೆಗೂ ಬಂದು ಹಿಂತಿರುಗಿದನಂತೆ. ಅಲ್ಲಯ್ಯಾ, ಹತ್ತು ಹೆಜ್ಜೆ ಮುಂದಿಟ್ಟಿದ್ದರೆ ಆಗುತ್ತಿತ್ತು. ಇಡಲಿಲ್ಲ.

ಆರು ಗಂಟೆ ಹತ್ತು ನಿಮಿಷಕ್ಕೆ ದಸ್ತಗಿರಿಯಾಯಿತು. ಕಳ್ಳತನದ ಜೊತೆಗೆ, ಮರಣದಂಡನೆಯಾಗುವಂಥ ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಕಲಮೂ ಸೇರಿತು. ಜಿಯಾವುಲ್ಲಾ ಮೇಲಧಿಕಾರಿಗಳಿಗೂ ಸರ್ಕಾರಿ ವಕೀಲರಿಗೂ ತಂತಿ ಕಳಿಸಿದರು. ವರದಿಯ ಮೊದಲ ಸಾಲಿನಲ್ಲೇ ನವೆಂಬರಿನ ತನಿಖೆಯಲ್ಲಿ ತಪ್ಪು ತನ್ನದೆಂದು ಬರೆದರು. ಪಾಲುಪಟ್ಟಿಯ ದೃಢೀಕೃತ ನಕಲು ಶುಕ್ರವಾರ ತಾಲ್ಲೂಕು ಕಚೇರಿ ಸೇರಿ, ಹರಾಜು ನಿಂತಿತು.

ಗಂಗುಲಪ್ಪ ಹೇಳಿಕೆಯಲ್ಲಿ ಹೆಚ್ಚೇನೂ ಹೇಳಲಿಲ್ಲ. ತನಗೆ ಮಕ್ಕಳಾದರೆ ನಾಳೆ ಆ ತೋಟಕ್ಕೆ ಕೈ ಹಾಕಿಯಾರೆಂದು ಮದುವೆಯನ್ನೇ ಆಗಿರಲಿಲ್ಲ. ಗಂಡ ಬರುತ್ತಾನೆ, ಹೋಗುತ್ತಾನೆ, ಹೆಣ್ಣಿಗೆ ನೆಲವೇ ಗತಿ ಎಂದು ಅವನು ನಿಜವಾಗಿಯೂ ನಂಬಿದ್ದ.

ತೋಟ ಉಳಿಯಿತೆಂದು ಹೇಳಲು ಇನ್‌ಸ್ಪೆಕ್ಟರ್ ತಾವೇ ಕೆಂಚಾರ್ಲಹಳ್ಳಿಗೆ ಹೋದರು. ಗಂಡ ತಪ್ಪು ಮಾಡಿಲ್ಲವೆಂಬುದನ್ನೂ ಹೇಳಿದರು. ಅನಸೂಯಮ್ಮ ತೋಟದ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಜೈಲಿಂದ ನಾಲ್ಕು ಕಾಗದ ಬರೆದಿದ್ರು," ಎಂದಳು. "ಒಂದನ್ನೂ ಒಡೀದಂಗೆ ಒಲೆಗೆ ಹಾಕ್ದೆ."

ಜಿಯಾವುಲ್ಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಈಗ ಹೋದ್ರೆ ನೋಡೋಕೆ ಬಿಡ್ತಾರಾ ಸ್ವಾಮಿ?" ಎಂದು ಅವಳು ಕೇಳಿದಳು.